ಸಿಪಾನಿ ಡಾಲ್ಫಿನ್ ಫೈಬರ್ ಮೈ: ಬಿರುಕು ಮತ್ತೆ ಮತ್ತೆ ಮೇಲೆ ಬರುತ್ತಿದೆ, ನುಣುಪು ಮಾಡೋದು ಹೇಗೆ?

ಹಳೇಗಾಡಿ_ತುಮಕೂರು

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1984ರ ಸಿಪಾನಿ ಡಾಲ್ಫಿನ್ ಇದೆ. ಸೋದರಮಾವನ ಗಾಡಿ. ಅವರು ಓಡಿಸೋದು ಬಿಟ್ಟ ಮೇಲೆ ಅಡಿಕೆ ಶೆಡ್ಡಿನ ಮೂಲೆಯಲ್ಲಿ ಬಿದ್ದಿತ್ತು, ಈಗ ನನ್ನ ಪಾಲಿಗೆ ಬಂದಿದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಇದು ಬೆಂಗಳೂರಲ್ಲೇ ತಯಾರಾದ ಕಾರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ವಿನ್ಯಾಸ ಇಟ್ಟುಕೊಂಡು 1982ರಲ್ಲಿ ಶುರು ಮಾಡಿದ್ದು. 848 ಸಿಸಿ ಅಲ್ಯೂಮಿನಿಯಂ ಎಂಜಿನ್, ಹಿಂದಿನ ಚಕ್ರಕ್ಕೆ ಡ್ರೈವ್, ಕೆಳಗೆ ಉಕ್ಕಿನ ಚಾಸಿ, ಮೇಲೆ ಫೈಬರ್ ಮೈ. ಮಾರನೇ ವರ್ಷ ಮಾರುತಿ 800 ಬಂತು. ಆಮೇಲಿನ ಕತೆ ಎಲ್ಲರಿಗೂ ಗೊತ್ತೇ ಇದೆ.

ಎಂಜಿನ್ ಕೆಲಸ ಮುಗಿದಿದೆ, ಬ್ರೇಕ್ ಆಗಿದೆ. ಮೈ ಮಾತ್ರ ತಲೆ ತಿನ್ನುತ್ತಿದೆ.

ಬಾನೆಟ್ಟಿನ ಬೋಲ್ಟ್ ಜಾಗಗಳ ಸುತ್ತ ನಕ್ಷತ್ರದ ಹಾಗೆ ಸಣ್ಣ ಬಿರುಕುಗಳಿವೆ. ಒಬ್ಬ ಪೇಂಟರ್ ಹತ್ತಿರ ಕೊಟ್ಟಿದ್ದೆ. ಚೆನ್ನಾಗಿ ಪಟ್ಟಿ (ತಗ್ಗು ತುಂಬುವ ಪುಟ್ಟಿ) ಎಳೆದು, ಉಜ್ಜಿ, ಬಣ್ಣ ಹೊಡೆದು ಕೊಟ್ಟ. ಕನ್ನಡಿ ಥರ ಇತ್ತು. ಒಂದು ಬೇಸಿಗೆ ಕಳೆಯಿತು, ಅದೇ ಜಾಗದಲ್ಲಿ ಅದೇ ಬಿರುಕು ಹಾಜರ್. ಎಡಗಡೆ ಮುಂದಿನ ಮಡ್‌ಗಾರ್ಡ್ ಒಡೆದು ಹೋಗಿತ್ತು, ಅದನ್ನು ಒಂದು ಫೈಬರ್ ಅಂಗಡಿಯಲ್ಲಿ ಹಳೇದರಿಂದ ಮೋಲ್ಡ್ ತೆಗೆಸಿ ಹೊಸದಾಗಿ ಮಾಡಿಸಿದ್ದೇನೆ. ಅದು ಒರಟು. ಅಲ್ಲಲ್ಲಿ ಸೂಜಿ ತೂತು, ಕೆಲವು ಕಡೆ ಒಳಗಿನ ಗಾಜಿನ ಮ್ಯಾಟಿನ ಎಳೆ ಕಾಣುತ್ತದೆ. ಬಾಗಿಲುಗಳ ಮೇಲೆ ಓರೆಯಾಗಿ ನೋಡಿದರೆ ಅಲೆ ಅಲೆ.

ತಗಡಿನ ಕಾರಿಗೆ ಟಿಂಕರಿಂಗ್ ಮಾಡುವವರು ಬೀದಿಗೊಬ್ಬರು ಸಿಗುತ್ತಾರೆ. ಫೈಬರ್ ಅಂದ ಕೂಡಲೇ ಎಲ್ಲರೂ "ಪಟ್ಟಿ ಹಾಕಿ ಬಿಡೋಣ ಸರ್" ಅನ್ನುತ್ತಾರೆ. ಈ ಸಲ ನಾನೇ ಕೂತು ಮಾಡಬೇಕು ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?

---

ಸ್ಪ್ರೇಗನ್_ರಾಜಾಜಿನಗರ

ಡಾಲ್ಫಿನ್ ಇನ್ನೂ ಜೀವಂತ ಇದೆಯಲ್ಲ ಗುರು, ಅದೇ ಖುಷಿ. ಫೋಟೊ ಹಾಕಿ.

ಪಟ್ಟಿ ಕೈಯಲ್ಲಿ ಎಳೆಯೋದು ಬಿಡಿ. ಪಾಲಿಯೆಸ್ಟರ್ ಸ್ಪ್ರೇ ಸರ್ಫೇಸರ್ ಅಂತ ಬರುತ್ತದೆ, ಅದೂ ಒಂಥರಾ ಪಟ್ಟಿಯೇ, ಗನ್ನಿನಲ್ಲಿ ಹೊಡೆಯೋದು. ನಾಝಲ್ 2 ಮಿ.ಮೀ. ಮೇಲೆ ಬೇಕು, ಸಾಮಾನ್ಯ ಬಣ್ಣದ ನಾಝಲ್‌ನಲ್ಲಿ ಬರುವುದಿಲ್ಲ. ಮೂರು ಕೋಟ್ ದಪ್ಪಗೆ ಹೊಡೆದು ಉದ್ದನೆ ಬ್ಲಾಕ್‌ನಲ್ಲಿ ಉಜ್ಜಿದರೆ ಬಾಗಿಲಿನ ಅಲೆ, ಮ್ಯಾಟಿನ ಎಳೆ ಎಲ್ಲ ಮುಚ್ಚಿ ಹೋಗುತ್ತದೆ. ನಾವು ಬಸ್ಸಿನ ಫೈಬರ್ ಮುಂಭಾಗಕ್ಕೆ ಹೀಗೇ ಮಾಡೋದು.

---

ದೋಣಿಮೇಸ್ತ್ರಿ_ಮಲ್ಪೆ

ರಾಜಾಜಿನಗರದವರೇ, ನೀವು ಹೇಳಿದ ಸರ್ಫೇಸರ್ ಒಳ್ಳೆಯದೇ. ಆದರೆ ಅದು ಕೊನೆಯ ಕೆಲಸ ಮಾರಾಯ್ರೇ. ಇವರ ಬಾನೆಟ್ಟಿಗೆ ಈಗಲೇ ಹೊಡೆದರೆ ಮುಂದಿನ ಬೇಸಿಗೆಗೆ ಅದೇ ನಕ್ಷತ್ರ ಮತ್ತೆ ಮೂಡುತ್ತದೆ.

ನಾನು ಕಾರಿನವನಲ್ಲ, ಮೀನು ಹಿಡಿಯುವ ಫೈಬರ್ ದೋಣಿ ಕಟ್ಟುವವನು. ದೋಣಿಗೆ ಕನ್ನಡಿ ಹೊಳಪು ಯಾರೂ ಕೇಳುವುದಿಲ್ಲ. ಆದರೆ ಬಿರುಕು ಯಾಕೆ ಬರುತ್ತದೆ ಅನ್ನೋದು ಸಮುದ್ರ ಚೆನ್ನಾಗಿ ಕಲಿಸುತ್ತದೆ.

ಮೊದಲು ಇದು ಏನು ಅಂತ ತಿಳಿದುಕೊಳ್ಳಿ. ಫೈಬರ್ ಮೈ ಅಂದರೆ ಮೇಲೆ ಅರ್ಧ ಮಿ.ಮೀ. ಆಸುಪಾಸಿನ ಜೆಲ್‌ಕೋಟ್ ಅನ್ನುವ ನುಣುಪು ಪದರ, ಅದರ ಹಿಂದೆ ರೆಸಿನ್ (ಆಮೇಲೆ ಗಟ್ಟಿಯಾಗುವ ಅಂಟುದ್ರವ) ಕುಡಿದ ಗಾಜಿನ ಎಳೆಯ ಮ್ಯಾಟ್. ಬಲ ಇರೋದು ಮ್ಯಾಟಿನಲ್ಲಿ. ಜೆಲ್‌ಕೋಟ್ ಗಟ್ಟಿ, ಆದರೆ ಬಗ್ಗುವುದಿಲ್ಲ. ಹಿಂದಿನ ಮ್ಯಾಟ್ ಬಗ್ಗಿದಾಗ ಅದು ಸೀಳುತ್ತದೆ. ಬೋಲ್ಟ್ ಜಾಸ್ತಿ ಬಿಗಿದರೆ, ಆ ಜಾಗದಲ್ಲಿ ಮ್ಯಾಟ್ ತೆಳ್ಳಗಿದ್ದರೆ, ವಾಷರ್ ಸಣ್ಣದಿದ್ದರೆ ನಕ್ಷತ್ರದ ಹಾಗೆ ಬಿರುಕು ಬೀಳುತ್ತದೆ. ಅಂದರೆ ರೋಗ ಹಿಂದುಗಡೆ ಇದೆ, ನೀವು ಮದ್ದು ಮುಂದುಗಡೆ ಹಚ್ಚುತ್ತಿದ್ದೀರಿ.

ಹಾಗಾಗಿ ಬಾನೆಟ್ ಬಿಚ್ಚಿ ಮಗುಚಿ ಹಾಕಿ. ಒಂದು ನಾಣ್ಯ ತೆಗೆದುಕೊಂಡು ಬೋಲ್ಟಿನ ಸುತ್ತ ತಟ್ಟಿ ನೋಡಿ. ಗಟ್ಟಿ ಜಾಗ ಟಣ್ ಅನ್ನುತ್ತದೆ. ಪದರ ಬಿಟ್ಟ ಜಾಗ ಮಂಕಾಗಿ ಡಬ್ ಅನ್ನುತ್ತದೆ. ಡಬ್ ಅಂದ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ. ಅಷ್ಟನ್ನೂ ಗ್ರೈಂಡರ್‌ನಲ್ಲಿ ತೆಗೆದು ಹೊಸ ಮ್ಯಾಟ್ ಕೂರಿಸಬೇಕು. ಅಂಚು ಮೆಟ್ಟಿಲಾಗಿ ಕತ್ತರಿಸಬೇಡಿ, ಇಳಿಜಾರು ಮಾಡಿ. 1 ಮಿ.ಮೀ. ದಪ್ಪಕ್ಕೆ 12 ಮಿ.ಮೀ. ಇಳಿಜಾರು ಅನ್ನೋದು ಲೆಕ್ಕ. 3 ಮಿ.ಮೀ. ದಪ್ಪ ಇದ್ದರೆ ಸುತ್ತಲೂ 36 ಮಿ.ಮೀ. ಆಯಿತು. ಜಾಸ್ತಿ ಅನ್ನಿಸಬಹುದು, ಆದರೆ ಹೊಸ ಮ್ಯಾಟ್ ಹಳೇದನ್ನು ಹಿಡಿಯೋದು ಅಂಟಿನ ಬಲದಿಂದ ಮಾತ್ರ. ಅದಕ್ಕೆ ಅಷ್ಟು ಜಾಗ ಬೇಕು. ಬಿರುಕು ಮಾತ್ರ ಇದ್ದು ಪದರ ಗಟ್ಟಿ ಇದ್ದರೂ ಹಿಂದೆ ಎರಡು ಪದರ ಸೇರಿಸಿ. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಒಂದು ಪದರ ಹಾಕಿದರೆ ಸುಮಾರು 1 ಮಿ.ಮೀ. ದಪ್ಪ ಬರುತ್ತದೆ. ರೆಸಿನ್ ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ಸಾಕು. ಜಾಸ್ತಿ ಸುರಿದರೆ ಬಲ ಬರುವುದಿಲ್ಲ, ಪೆಡಸಾಗುತ್ತದೆ.

ಈಗ ಮುಂದುಗಡೆ. ಬಿರುಕನ್ನು ತುಂಬಬೇಡಿ, ತೆಗೆಯಿರಿ. ಅದು ಪೂರ್ತಿ ಮಾಯ ಆಗುವವರೆಗೆ ಜೆಲ್‌ಕೋಟ್ ಕೆರೆದು ಹಾಕಿ. ಮಾಯ ಆಯಿತೋ ಇಲ್ಲವೋ ತಿಳಿಯಲು ಬಟ್ಟೆಯಲ್ಲಿ ತಿನ್ನರ್ ಒರೆಸಿ. ಸುತ್ತ ಎಲ್ಲ ಬೇಗ ಆರುತ್ತದೆ, ಬಿರುಕಿನ ಒಳಗೆ ಮಾತ್ರ ಒದ್ದೆ ಕಪ್ಪು ಗೆರೆ ಉಳಿಯುತ್ತದೆ. ಆ ಗೆರೆ ಕಾಣುವವರೆಗೂ ಕೆಲಸ ಮುಗಿದಿಲ್ಲ ಅಂತ ಅರ್ಥ. ಗುಂಡಿ ಆದ ಜಾಗಕ್ಕೆ ತೆಳ್ಳಗಿನ ಮ್ಯಾಟ್, 300 ಗ್ರಾಂದು ಅಥವಾ ಸರ್ಫೇಸ್ ಟಿಶ್ಯೂ (ತೀರಾ ತೆಳ್ಳಗಿನ ಗಾಜಿನ ಎಳೆಯ ಹಾಳೆ), ರೆಸಿನ್‌ನಲ್ಲಿ ಹಚ್ಚಿ. ಪಟ್ಟಿ ಆಮೇಲೆ.

ಒಂದು ಮಾತು ಮಾತ್ರ ಗಂಭೀರವಾಗಿ ಕೇಳಿ. ರೆಸಿನ್ ತರುವಾಗ ಆಕ್ಸಿಲರೇಟರ್ (ಗಟ್ಟಿಯಾಗೋದನ್ನು ಚುರುಕು ಮಾಡುವ ಕೋಬಾಲ್ಟ್) ಮೊದಲೇ ಬೆರೆಸಿದ್ದು ಕೊಡಿ ಅಂತ ಕೇಳಿ. ಅಂಗಡಿಯವರು ಕೋಬಾಲ್ಟ್ ಬೇರೆ ಬಾಟಲಿಯಲ್ಲಿ, ಹಾರ್ಡ್‌ನರ್ ಬೇರೆ ಬಾಟಲಿಯಲ್ಲಿ ಕೊಟ್ಟರೆ ಅವೆರಡನ್ನೂ ನೇರ ಬೆರೆಸಲೇಬೇಡಿ. ಸಿಡಿಯುತ್ತದೆ, ಬೆಂಕಿ ಹತ್ತುತ್ತದೆ. ಕೋಬಾಲ್ಟ್ ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಬೇಕು, ಆಮೇಲೆ ಹಾರ್ಡ್‌ನರ್. ಹಾರ್ಡ್‌ನರ್ ಕೆಜಿಗೆ 10ರಿಂದ 20 ಗ್ರಾಂ. ಮಧ್ಯಾಹ್ನದ ಬಿಸಿಲಲ್ಲಿ 10ರ ಹತ್ತಿರ, ಚಳಿ ಬೆಳಗ್ಗೆ 20ರ ಹತ್ತಿರ. ಕಣ್ಣಿಗೆ ಹಾರ್ಡ್‌ನರ್ ಹಾರಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಹಾಕದೆ ಬಾಟಲಿ ಮುಚ್ಚಳ ತೆಗೆಯಬೇಡಿ.

ಹೊಸ ಮಡ್‌ಗಾರ್ಡ್ ಬಗ್ಗೆ ಸಂಜೆ ಬರೆಯುತ್ತೇನೆ. ಕೆಲಸಕ್ಕೆ ಹೊರಟೆ.

---

ಹಳೇಗಾಡಿ_ತುಮಕೂರು

ಮೇಸ್ತ್ರಿಗಳೇ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಈಗಷ್ಟೇ ನಾಣ್ಯ ತಟ್ಟಿ ಬಂದೆ. ಎರಡು ಬೋಲ್ಟ್ ಹತ್ತಿರ ಡಬ್ ಅನ್ನುತ್ತದೆ, ಅಂಗೈ ಅಗಲ. ವಾಷರ್ ನೋಡಿದರೆ ಎಂಟಾಣೆಗಿಂತ ಚಿಕ್ಕದು.

ಇನ್ನೊಂದು ಪ್ರಶ್ನೆ. ಹಳೇ ಬಣ್ಣ ಹಲವು ಪದರ ಇದೆ. ಪೇಂಟ್ ರಿಮೂವರ್ ಹಚ್ಚಿ ತೆಗೆಯಬಹುದಾ? ತಗಡಿಗೆ ಹಚ್ಚಿದರೆ ಸುಲಿದು ಬರುತ್ತದಲ್ಲ, ಹಾಗೆ.

---

ಕಾರ್ವೆಟ್_ಕನ್ನಡಿಗ

ಬೇಡ, ಬೇಡ! ಅದನ್ನು ಮುಟ್ಟಬೇಡಿ. ನಾನು ಮಿಶಿಗನ್‌ನಲ್ಲಿ ಇರೋದು, 1971ರ ಕಾರ್ವೆಟ್ ಇಟ್ಟುಕೊಂಡಿದ್ದೇನೆ, ಅದೂ ಫೈಬರ್ ಮೈಯ ಕಾರೇ. ಈ ಊರ ಕಡೆ ಫೈಬರ್ ಮೈಯ ಹುಚ್ಚು ಹಳೇದು. 1953ರ ಮೊದಲ ಕಾರ್ವೆಟ್ ಇಲ್ಲೇ ಫ್ಲಿಂಟ್‌ನಲ್ಲಿ ಕಟ್ಟಿದ್ದು. ಆ ವರ್ಷ ಬರೀ 300 ಗಾಡಿ, ಎಲ್ಲವೂ ಬಿಳಿ.

ತಗಡಿಗೆ ಹಚ್ಚುವ ರಿಮೂವರ್ ಬಣ್ಣವನ್ನು ಮಾತ್ರ ತಿನ್ನುವುದಿಲ್ಲ, ಕೆಳಗಿನ ರೆಸಿನ್ನನ್ನೂ ಮೆದು ಮಾಡುತ್ತದೆ. ಸೂಜಿ ತೂತುಗಳ ಒಳಗೆ ಇಳಿದು ಕೂರುತ್ತದೆ. ಹೊಸ ಬಣ್ಣ ಹೊಡೆದ ಮೇಲೆ ನಿಧಾನಕ್ಕೆ ಹೊರಗೆ ಬಂದು ಗುಳ್ಳೆ ಏಳಿಸುತ್ತದೆ. ಫೈಬರ್‌ಗೆ ಅಂತಲೇ ಬೇರೆ ರಿಮೂವರ್ ಮಾರುತ್ತಾರೆ, ನನಗೆ ಅದರ ಮೇಲೂ ಅಷ್ಟು ನಂಬಿಕೆ ಇಲ್ಲ.

ಇಲ್ಲಿ ಹಳಬರು ಮಾಡೋದು ರೇಜರ್ ಬ್ಲೇಡ್ ಕೆಲಸ. ಅಗಲ ಬ್ಲೇಡನ್ನು ಹಿಡಿಯಲ್ಲಿ ಸಿಕ್ಕಿಸಿ, ಚಪ್ಪಟೆಯಾಗಿ ಹಿಡಿದು, ಬಣ್ಣದ ಕೆಳಗೆ ತಳ್ಳುತ್ತಾ ಹೋಗೋದು. ಬ್ಲೇಡಿನ ಎರಡು ಮೂಲೆ ಸ್ವಲ್ಪ ಉಜ್ಜಿ ಗುಂಡಗೆ ಮಾಡಿಕೊಳ್ಳಿ, ಇಲ್ಲದಿದ್ದರೆ ಮೂಲೆ ಕಚ್ಚಿ ಗೀರು ಬೀಳುತ್ತದೆ. ಹಳೇ ಬಣ್ಣ ಎಷ್ಟೋ ಕಡೆ ಹಾಳೆ ಹಾಳೆಯಾಗಿ ಏಳುತ್ತದೆ. ಏಳದ ಕಡೆ 80 ನಂಬರ್ ಉಜ್ಜುವ ಪೇಪರ್. ಕೈಗೆ ನೋವು, ಪ್ಯಾನೆಲ್‌ಗೆ ನೆಮ್ಮದಿ.

ಇನ್ನೊಂದು. ನನ್ನ ಗಾಡಿಯ ಮೈ ಒಂದೇ ತುಂಡಲ್ಲ, ಪ್ಯಾನೆಲ್‌ಗಳನ್ನು ಹಿಂದೆ ಉದ್ದನೆ ತುಂಡು ಕೊಟ್ಟು ಅಂಟಿಸಿದ್ದು. ಆ ಅಂಟಿನ ಸಾಲು ಎಷ್ಟು ಉಜ್ಜಿದರೂ ಬಿಸಿಲಲ್ಲಿ ನಿಲ್ಲಿಸಿದಾಗ ಸಣ್ಣಗೆ ಕಾಣುತ್ತದೆ. ನಿಮ್ಮ ಗಾಡಿಯಲ್ಲಿ ಅಂಥ ಜೋಡಣೆ ಎಲ್ಲಿದೆ ಅಂತ ಬಣ್ಣ ತೆಗೆದ ಮೇಲೆ ನೋಡಿಕೊಳ್ಳಿ. ಅಲ್ಲಿ ಪಟ್ಟಿ ಬದಲು ಜಾಲರಿ ಬಟ್ಟೆ ಮತ್ತು ರೆಸಿನ್ ಹಾಕೋದು ವಾಸಿ.

---

ದೋಣಿಮೇಸ್ತ್ರಿ_ಮಲ್ಪೆ

ಬ್ಲೇಡಿನ ವಿಷಯ ಸರಿ ಹೇಳಿದಿರಿ. ನಮ್ಮಲ್ಲಿ ದೋಣಿಗೆ ಅಂಟಿದ ಚಿಪ್ಪು ಕೆರೆಯುವಾಗಲೂ ಮೂಲೆ ಗುಂಡಗೆ ಮಾಡಿಕೊಳ್ಳುತ್ತೇವೆ.

ಈಗ ಮಡ್‌ಗಾರ್ಡ್. ಹೊಸದು ಅಂತೀರಿ. ಹಾಗಾದರೆ ಅದರ ಮೇಲೆ ಮೋಲ್ಡಿನ ಮೇಣ ಇರುತ್ತದೆ. ಮೋಲ್ಡಿಂದ ಬಿಡಿಸಿಕೊಳ್ಳಲು ಹಚ್ಚಿರುತ್ತಾರೆ. ಕೈಗೆ ತಿಳಿಯುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಪೇಪರ್ ಹಿಡಿದು ಉಜ್ಜಲು ಶುರು ಮಾಡಿದರೆ ಆ ಮೇಣವನ್ನು ಗೀರುಗಳ ಒಳಗೆ ತುರುಕಿದ ಹಾಗೆ. ಆಮೇಲೆ ಬಣ್ಣ ಮೀನಿನ ಕಣ್ಣಿನ ಹಾಗೆ ಗುಂಡಗೆ ಬಿಟ್ಟುಕೊಳ್ಳುತ್ತದೆ. ಮೊದಲು ಬಿಸಿನೀರು, ಪಾತ್ರೆ ಸೋಪು, ಸ್ಕಾಚ್‌ಬ್ರೈಟ್. ಒಣಗಿದ ಮೇಲೆ ವ್ಯಾಕ್ಸ್ ರಿಮೂವರ್: ಒಂದು ಬಟ್ಟೆಯಲ್ಲಿ ಹಚ್ಚಿ, ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ. ಒಂದೇ ಬಟ್ಟೆಯಲ್ಲಿ ತಿಕ್ಕಿದರೆ ಮೇಣ ಜಾಗ ಬದಲಿಸುತ್ತದೆ ಅಷ್ಟೇ. ನೀರು ಚಿಮುಕಿಸಿ ನೋಡಿ. ಹನಿ ಹನಿಯಾಗಿ ನಿಲ್ಲದೆ ಹಾಳೆಯ ಹಾಗೆ ಹರಡಿಕೊಂಡರೆ ಮೇಣ ಹೋಯಿತು.

ಎರಡನೇದು, ಅದು ಪೂರ್ತಿ ಗಟ್ಟಿ ಆಗಿದೆಯಾ? ನಾವು ಬಳಸುವ ಈ ಮಾಮೂಲಿ ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗುವಾಗ ಶೇ 5ರಿಂದ 8ರಷ್ಟು ಕುಗ್ಗುತ್ತದೆ. ಗಾಜಿನ ಎಳೆ ಕುಗ್ಗುವುದಿಲ್ಲ. ಅದಕ್ಕೇ ಎಳೆಯ ಗುರುತು ಮೇಲೆ ಮೂಡೋದು. ಮೋಲ್ಡಿಂದ ತೆಗೆದ ವಾರದಲ್ಲೇ ಉಜ್ಜಿ ನುಣುಪು ಮಾಡಿ ಬಣ್ಣ ಹೊಡೆದರೆ, ಬಣ್ಣದ ಕೆಳಗೆ ಅದು ಇನ್ನೂ ಕುಗ್ಗುತ್ತಲೇ ಇರುತ್ತದೆ. ಎಳೆ ಮತ್ತೆ ಕಾಣುತ್ತದೆ. ಆಗ ಎಲ್ಲರೂ ಪೇಂಟರ್‌ನನ್ನು ಬೈಯುತ್ತಾರೆ, ಪಾಪ. ಸುಮ್ನೆ ಬಿಸಿಲಿಗೆ ಇಡಿ. ಕಪ್ಪು ಬಟ್ಟೆ ಹೊದಿಸಿ ಇಟ್ಟರೆ ಇನ್ನೂ ಒಳ್ಳೆಯದು. ಆದರೆ ನೆಲದ ಮೇಲೆ ಎಸೆದು ಇಡಬೇಡಿ, ಬಿಸಿಗೆ ಸೊಟ್ಟ ಆಗುತ್ತದೆ. ಗಾಡಿಗೆ ಬೋಲ್ಟ್ ಹಾಕಿಯೇ ನಿಲ್ಲಿಸಿ. ಮೂಗಿಗೆ ರೆಸಿನ್ ವಾಸನೆ ಬರುವವರೆಗೂ ಅದು ಹಸಿ.

ಎಳೆ ಕಾಣುವ ಜಾಗವನ್ನು ಉಜ್ಜಿ ಸರಿ ಮಾಡಲು ಹೋಗಬೇಡಿ. ಉಜ್ಜಿದಷ್ಟೂ ಎಳೆ ಜಾಸ್ತಿ ತೆರೆದುಕೊಳ್ಳುತ್ತದೆ. ತೆರೆದ ಎಳೆ ದೀಪದ ಬತ್ತಿಯ ಹಾಗೆ ನೀರು ಎಳೆಯುತ್ತದೆ. ಅದರ ಮೇಲೆ ಒಂದು ಪದರ ರೆಸಿನ್ ಹಚ್ಚಿ ಮುಚ್ಚಿ. ರೆಸಿನ್ ಗಾಳಿಗೆ ತಾಗುವ ಮೇಲ್ಮೈ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ, ಹೆದರಬೇಡಿ. ಹಚ್ಚಿದ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಒತ್ತಿ ಗಾಳಿ ತಪ್ಪಿಸಿದರೆ ಗಟ್ಟಿಯಾಗುತ್ತದೆ. ಇಲ್ಲವಾದರೆ ಅಸಿಟೋನ್‌ನಲ್ಲಿ ಒರೆಸಿ ಆಮೇಲೆ ಉಜ್ಜಿ. ಅಂಟಿನ ಮೇಲೆ ಪೇಪರ್ ಎಳೆದರೆ ಪೇಪರ್ ಕಟ್ಟಿಕೊಂಡು ದುಡ್ಡು ದಂಡ.

ಎಪಾಕ್ಸಿ (ಇನ್ನೊಂದು ಜಾತಿಯ ರೆಸಿನ್) ಹಾಕಲಾ ಅಂತ ಕೇಳುವವರು ಬಂದೇ ಬರುತ್ತಾರೆ, ಈಗಲೇ ಹೇಳಿಬಿಡುತ್ತೇನೆ. ಹಳೇ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ. ಪಾಲಿಯೆಸ್ಟರ್‌ಗಿಂತಲೂ ಚೆನ್ನಾಗಿ. ಆದರೆ ಮಾಮೂಲಿ ಮ್ಯಾಟಿನ ಎಳೆಗಳನ್ನು ಹಿಡಿದಿರುವ ಅಂಟು ಎಪಾಕ್ಸಿಯಲ್ಲಿ ಕರಗುವುದಿಲ್ಲ, ಅದಕ್ಕೆ ನೇಯ್ದ ಬಟ್ಟೆ ಬೇಕು. ಎಪಾಕ್ಸಿ ಮೇಲೆ ಮತ್ತೆ ಪಾಲಿಯೆಸ್ಟರ್ ರೆಸಿನ್ ಹಚ್ಚಿದರೆ ಸರಿಯಾಗಿ ಕೂರುವುದಿಲ್ಲ. ಯಾವುದಾದರೂ ಒಂದು ದಾರಿ ಹಿಡಿಯಿರಿ.

ತುರಿಕೆ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ತುಂಬು ತೋಳು, ಕಾಲರ್ ಗುಂಡಿ, ಮಣಿಕಟ್ಟಿಗೆ ಟೇಪ್. ಶುರು ಮಾಡುವ ಮೊದಲು ಕೈಗೆ ಕತ್ತಿಗೆ ಪೌಡರ್ ಬಳಿದುಕೊಳ್ಳಿ. ಮುಗಿದ ಮೇಲೆ ತಣ್ಣೀರು ಸ್ನಾನ, ಬಿಸಿನೀರು ಬೇಡ. ಬಿಸಿನೀರಿಗೆ ಚರ್ಮದ ರಂಧ್ರ ತೆರೆದು ಗಾಜಿನ ಪುಡಿ ಒಳಗೆ ಹೋಗುತ್ತದೆ ಅಂತ ನಮ್ಮ ಹಿರಿಯರ ನಂಬಿಕೆ. ಕಾರಣ ಏನೇ ಇರಲಿ, ತಣ್ಣೀರಲ್ಲಿ ತುರಿಕೆ ಕಡಿಮೆ. ಆ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ಮೆಷಿನ್‌ಗೆ ಹಾಕಿದರೆ ಮನೆಯಲ್ಲಿ ನಿಮ್ಮ ಗತಿ ನಾನು ಹೇಳುವುದಿಲ್ಲ.

---

ಸ್ಪ್ರೇಗನ್_ರಾಜಾಜಿನಗರ

ಮೇಸ್ತ್ರಿಗಳಿಗೆ ಶರಣು. ಹಿಂದುಗಡೆ ರಿಪೇರಿ ಮೊದಲು, ಒಪ್ಪಿದೆ. ನಮ್ಮ ಹತ್ತಿರ ಗಾಡಿ ಬರೋದೇ ಬಣ್ಣಕ್ಕೆ, ಬಿಚ್ಚಿ ಮಗುಚಿ ನೋಡುವಷ್ಟು ದಿನ ಯಾರು ಕೊಡುತ್ತಾರೆ ಹೇಳಿ. ನೀವು ನಿಮ್ಮದೇ ಗಾಡಿ ಮಾಡುತ್ತಿದ್ದೀರಿ, ಸಮಯ ಇದೆ. ಹಾಗಾದರೆ ಆಮೇಲಿನ ಭಾಗ ನನ್ನದು.

ಮೊದಲು ಬಾಗಿಲು, ಬಾನೆಟ್, ಮಡ್‌ಗಾರ್ಡ್ ಎಲ್ಲ ಗಾಡಿಗೆ ಕೂರಿಸಿ ಗ್ಯಾಪ್ ಸರಿ ಮಾಡಿ. ಫೈಬರ್ ಬಗ್ಗುತ್ತದೆ. ಸ್ಟ್ಯಾಂಡ್ ಮೇಲೆ ಇಟ್ಟು ನೇರ ಮಾಡಿದ ಬಾಗಿಲು, ಗಾಡಿಗೆ ಹಾಕಿದಾಗ ಬೇರೆ ಆಕಾರ ತೋರಿಸುತ್ತದೆ. ಒರಟು ಉಜ್ಜುವಿಕೆ ಎಲ್ಲ ಗಾಡಿಯ ಮೇಲೆಯೇ.

ಎಪಾಕ್ಸಿ ಪ್ರೈಮರ್ (ಮೇಸ್ತ್ರಿ ಹೇಳಿದ ಎಪಾಕ್ಸಿ ರೆಸಿನ್ ಅಲ್ಲ, ಬಣ್ಣದ ಕೆಳಗಿನ ತಳಬಣ್ಣ) ಒಂದು ಕೋಟ್ ಹೊಡೆದು ಎಲ್ಲ ಮುಚ್ಚಿಬಿಡಿ. ಅದು ಒಣಗಿದ ಮೇಲೆ 180 ನಂಬರ್ ಪೇಪರ್‌ನಲ್ಲಿ ಗೀರಿ, ಬೇಕಾದ ಕಡೆ ಮಾತ್ರ ಪಾಲಿಯೆಸ್ಟರ್ ಪಟ್ಟಿ. ದಪ್ಪ 2-3 ಮಿ.ಮೀ. ದಾಟಬಾರದು. ಹಾರ್ಡ್‌ನರ್ ಶೇ 2-3. ಬೇಗ ಆರಲಿ ಅಂತ ಜಾಸ್ತಿ ಹಿಂಡಿದರೆ ಬಣ್ಣದ ಮೇಲೆ ಕಲೆ ಮೂಡುತ್ತದೆ. ಪಟ್ಟಿಯನ್ನು ನೀರು ಹಾಕಿ ಉಜ್ಜಲೇಬೇಡಿ. ಅದರಲ್ಲಿ ಇರೋದು ಟಾಲ್ಕ್ ಪುಡಿ, ನೀರು ಕುಡಿಯುತ್ತದೆ. ಒಣಗಿಸಿದೆ ಅಂದುಕೊಳ್ಳುತ್ತೀರಿ, ಆರು ತಿಂಗಳಿಗೆ ಗುಳ್ಳೆ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಪಟ್ಟಿ ಅಂತ ಟ್ಯೂಬಿನಲ್ಲಿ ಬರೋದನ್ನು ಗೀರು ಮುಚ್ಚಲು ಮಾತ್ರ ಬಳಸಿ, ದಪ್ಪಗೆ ತುಂಬಿದರೆ ಕುಗ್ಗುತ್ತದೆ.

ಸೂಜಿ ತೂತು ಇದೆ ಅಂದಿರಲ್ಲ, ಅದು ಪ್ರೈಮರ್‌ನಲ್ಲಿ ಮುಚ್ಚುವುದಿಲ್ಲ. ಮೇಲೆ ಪೊರೆ ಕಟ್ಟಿ ಒಳಗೆ ಗಾಳಿ ಉಳಿಯುತ್ತದೆ, ಬಿಸಿಲಿಗೆ ಅದು ಒಡೆಯುತ್ತದೆ. ಚೂಪು ಮೊನೆಯಲ್ಲಿ ತೂತು ಸ್ವಲ್ಪ ಅಗಲ ಮಾಡಿ, ಗಾಳಿ ಹೊಡೆದು ಧೂಳು ತೆಗೆದು, ತೆಳ್ಳಗಿನ ಪಟ್ಟಿಯನ್ನು ಬ್ಲೇಡ್ ನೆಟ್ಟಗೆ ಹಿಡಿದು ಒತ್ತಿ ತುಂಬಿ.

ಆಮೇಲೆ ನಾನು ಮೊದಲು ಹೇಳಿದ ಸರ್ಫೇಸರ್. ಒಣಗಿದ ಮೇಲೆ ಕಪ್ಪು ಸ್ಪ್ರೇ ಕ್ಯಾನ್ ತೆಗೆದುಕೊಂಡು ದೂರದಿಂದ ಮಂಜಿನ ಹಾಗೆ ಉದುರಿಸಿ. ಇದಕ್ಕೆ ಗೈಡ್ ಕೋಟ್ ಅನ್ನುತ್ತೇವೆ. ಹದಿನೈದು ಇಂಚಿಗಿಂತ ಉದ್ದದ ಬ್ಲಾಕ್‌ಗೆ 120 ಪೇಪರ್ ಕಟ್ಟಿ, ಬಾಗಿಲಿನ ಉದ್ದಕ್ಕೆ ಓರೆಯಾಗಿ ಒಂದು ಸಲ, ಎದುರು ಓರೆಗೆ ಇನ್ನೊಂದು ಸಲ ಎಳೆಯಿರಿ. ಕಪ್ಪು ಉಳಿದ ಕಡೆ ತಗ್ಗು. ಮೊದಲು ಕಪ್ಪು ಹೋದ ಕಡೆ ಉಬ್ಬು. ಕೈಬೆರಳಲ್ಲಿ ಪೇಪರ್ ಹಿಡಿದು ತಗ್ಗಿನಲ್ಲಿ ಉಜ್ಜಿ ಕಪ್ಪು ತೆಗೆದು ಖುಷಿಪಡುವವರನ್ನು ನೋಡಿದ್ದೇನೆ, ಅದು ಮೋಸ. ತಗ್ಗು ಇನ್ನೂ ತಗ್ಗಾಯಿತು ಅಷ್ಟೇ. ತಗ್ಗಿದ್ದರೆ ಮತ್ತೆ ಸರ್ಫೇಸರ್, ಮತ್ತೆ ಕಪ್ಪು. 180, 320, ಕೊನೆಗೆ ಮಾಮೂಲಿ 2ಕೆ (ಹಾರ್ಡ್‌ನರ್ ಬೆರೆಸಿ ಹೊಡೆಯುವ) ಪ್ರೈಮರ್ ಹೊಡೆದ ಮೇಲೆ 600 ವಾಟರ್ ಪೇಪರ್. ಬಾಗಿದ ಜಾಗಕ್ಕೆ ಮೆತ್ತನೆ ಫೋಮ್ ಬ್ಲಾಕ್, ಅಥವಾ ಪೇಪರ್ ಸುತ್ತಿದ ರಬ್ಬರ್ ಪೈಪ್ ತುಂಡು.

ಬಣ್ಣ ಹೊಡೆಯುವ ಬೂತ್‌ನಲ್ಲಿ (ಮುಚ್ಚಿದ ಕೋಣೆಯಲ್ಲಿ) ತಗಡಿನ ಗಾಡಿ ಥರ 60 ಡಿಗ್ರಿಗೆ ಬೇಯಿಸಲು ಬಿಡಬೇಡಿ. ಮಾಮೂಲಿ ರೆಸಿನ್ ಆ ಬಿಸಿಗೇ ಮೆತ್ತಗಾಗಲು ಶುರು. ಗಾಳಿಗೆ ಆರಲಿ, ಎರಡು ದಿನ ಜಾಸ್ತಿ ಹಿಡಿಯುತ್ತದೆ. 2ಕೆ ಬಣ್ಣದ ಹಾರ್ಡ್‌ನರ್‌ನಲ್ಲಿ ಉಸಿರಾಟಕ್ಕೆ ಅಪಾಯದ ಐಸೊಸಯನೇಟ್ ಇರುತ್ತದೆ, ಧೂಳಿನ ಮಾಸ್ಕ್ ಅದಕ್ಕೆ ಏನೂ ಮಾಡುವುದಿಲ್ಲ. ಹೊರಗಿನ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಬೇಕು. ಅದು ಇಲ್ಲದಿದ್ದರೆ ಉಜ್ಜುವ ಕೆಲಸ ಎಲ್ಲ ನೀವು ಮಾಡಿ, ಬಣ್ಣ ಹೊಡೆಯೋದನ್ನು ಬೂತ್ ಇರುವವರಿಗೆ ಕೊಡಿ.

---

ಹಳೇಗಾಡಿ_ತುಮಕೂರು

ಎಲ್ಲರಿಗೂ ಧನ್ಯವಾದ. ಬಣ್ಣ ಬೂತ್‌ಗೇ ಕೊಡುತ್ತೇನೆ, ತೀರ್ಮಾನ ಆಯಿತು. ದೊಡ್ಡ ವಾಷರ್ ಹುಡುಕಲು ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಬೇಕು.

ಕೊನೆಯ ಪ್ರಶ್ನೆ. ಮಾವನ ಕಾಲದಲ್ಲಿ ಗಾಡಿ ತಿಳಿ ಹಳದಿ ಇತ್ತು. ಮನೆಯಲ್ಲಿ ಮಗಳು ಕಡು ನೀಲಿ ಮಾಡಿಸು ಅನ್ನುತ್ತಿದ್ದಾಳೆ. ಏನು ಮಾಡಲಿ?

---

ದೋಣಿಮೇಸ್ತ್ರಿ_ಮಲ್ಪೆ

ಹಳದಿಯೇ ಇರಲಿ. ಕಡು ಬಣ್ಣ ಬಿಸಿಲು ಕುಡಿಯುತ್ತದೆ, ಫೈಬರ್ ಕಾಯುತ್ತದೆ, ಎಳೆಯ ಗುರುತು ಬೇಗ ಮೂಡುತ್ತದೆ. ಅಲೆ ಇದ್ದರೂ ಕಡು ಹೊಳಪಿನಲ್ಲೇ ಎದ್ದು ಕಾಣೋದು. ಮಗಳಿಗೆ ಒಳಗಿನ ಸೀಟು ನೀಲಿ ಮಾಡಿಸಿಕೊಡಿ.

---

ಸ್ಪ್ರೇಗನ್_ರಾಜಾಜಿನಗರ

ಆರ್‌ಸಿಯಲ್ಲೂ ಹಳದಿ ಅಂತಲೇ ಇರುತ್ತದೆ, ಬದಲಿಸಿದರೆ ಆರ್‌ಟಿಒ ಕೆಲಸ ಬೇರೆ. ಅಂದಹಾಗೆ ಮಡ್‌ಗಾರ್ಡ್ ಬಿಚ್ಚುವಾಗ ಲೈಟಿನ ಅರ್ತ್ ವೈರ್ ಎಲ್ಲೆಲ್ಲಿ ಹೋಗಿದೆ ಅಂತ ಫೋಟೊ ತೆಗೆದಿಡಿ. ಫೈಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ, ಪ್ರತಿ ಲೈಟಿಗೂ ಚಾಸಿವರೆಗೆ ಬೇರೆ ವೈರ್ ಇರುತ್ತದೆ. ವಾಪಸ್ ಕಟ್ಟುವಾಗ ಒಂದು ಮರೆತರೂ ಇಂಡಿಕೇಟರ್ ಹಾಕಿದರೆ ಹೆಡ್‌ಲೈಟ್ ಮಿಣುಕುತ್ತದೆ.